ಸ್ವೀಕರಿಸಿದ್ದು ಯಾರು, ಒಪ್ಪಿದ್ದು ಯಾರು?

ಕುಮಟಾದ ಉಪವಿಭಾಗಾಧಿಕಾರಿ ಕಚೇರಿಯ ಎದುರು ಪ್ರತಿಭಟನೆ ನಡೆದ ಮರುದಿನ ಪತ್ರಿಕೆಯ ವರದಿಯಲ್ಲಿ ಕೊನೆಗೊಂದು ಸಾಲು ಇದ್ದೇ ಇರುತ್ತದೆ: ‘ಅಧಿಕಾರಿಗಳು ಮನವಿ ಸ್ವೀಕರಿಸಿದರು.’ ಕಾಗದ ಅವರ ಕೈ ಸೇರಿತು ಎಂಬಷ್ಟೇ ಇದರ ಅರ್ಥ. ಆದರೆ ಇಂಗ್ಲಿಷ್ ದಾಖಲೆಗಳನ್ನು ಕನ್ನಡಕ್ಕೆ ತರುವವರು ಇದೇ ‘ಸ್ವೀಕಾರ’ವನ್ನು ಇನ್ನೆರಡು ಕಡೆಯೂ ದುಡಿಸಿಕೊಳ್ಳುತ್ತಾರೆ. ಷರತ್ತಿಗೆ ಒಪ್ಪಿದರೂ ಸ್ವೀಕಾರ, ಬೇರೆ ದಾರಿಯಿಲ್ಲದೆ ತಾಳಿಕೊಂಡರೂ ಸ್ವೀಕಾರ. ಪಡೆದದ್ದು, ಒಪ್ಪಿದ್ದು, ಸಹಿಸಿದ್ದು ಮೂರೂ ಒಂದೇ ಪದದೊಳಗೆ ಸೇರಿಹೋದರೆ ಸಹಿ ಹಾಕಿದವನಿಗೇ ತಾನು ಯಾವುದಕ್ಕೆ ಸಹಿ ಹಾಕಿದೆ ಎಂದು ತಿಳಿಯುವುದಿಲ್ಲ. ಆಡಳಿತದ ಅನುವಾದದ ಈ ರೂಢಿ ತಪ್ಪು ಎಂದೇ ನನ್ನ ವಾದ.

ಕನ್ನಡದಲ್ಲಿ ಪದಗಳಿಗೆ ಬಡತನವಿದ್ದಿದ್ದರೆ ಅನುವಾದಕರನ್ನು ದೂರುವಂತಿರಲಿಲ್ಲ. ಭಟ್ಕಳ, ಹೊನ್ನಾವರ, ಕುಮಟಾದ ಆಡುಮಾತಿನಲ್ಲಿ ಒಪ್ಪಿಗೆಗೆ ಎಷ್ಟೊಂದು ಬಗೆಗಳಿವೆ! ಹವ್ಯಕರು ‘ಅಡ್ಡಿಲ್ಲೆ’ ಎಂದಾಗ, ಉಳಿದವರು ‘ಅಡ್ಡಿಲ್ಲ’ ಎಂದಾಗ, ನಾನು ತಡೆಯುವುದಿಲ್ಲ ಎಂದು ಹೇಳಿದಂತಾಯಿತು. ನನಗೂ ಅದೇ ಬೇಕು ಎಂದು ಹೇಳಿದಂತಾಗಲಿಲ್ಲ. ‘ಹೂಂ’ ಅಂದವನು ಕೇಳಿಸಿಕೊಂಡಿದ್ದಾನೆ, ಒಪ್ಪಿದನೋ ಇಲ್ಲವೋ ಮುಂದೆ ಗೊತ್ತಾಗಬೇಕು. ‘ಆಗಲಿ’ ಅಂದವನು ಮಾತು ಕೊಟ್ಟ. ‘ಪಾಲಿಗೆ ಬಂದದ್ದು ಪಂಚಾಮೃತ’ ಅಂದವನಿಗೆ ಆರಿಸಿಕೊಳ್ಳಲು ಏನೂ ಇರಲಿಲ್ಲ. ಭಟ್ಕಳದ ನವಾಯತರ ನಿಕಾಹದಲ್ಲಿ ‘ಕಬೂಲ್’ ಎಂಬ ಮಾತು ಬಾಯಿಂದ ಹೊರಡಬೇಕು, ಸಾಕ್ಷಿಗಳ ಕಿವಿಗೆ ಬೀಳಬೇಕು.

ಅದೇ ಅರಬ್ಬೀ ಪದ ಈ ಜಿಲ್ಲೆಯ ಕಂದಾಯ ಭಾಷೆಯಲ್ಲೂ ಇತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಮುಂಬಯಿ ಪದ್ಧತಿಯಲ್ಲಿ ಜಮೀನು ಬಿಡುವವನು ರಾಜೀನಾಮೆ ಬರೆದುಕೊಡಬೇಕು, ಹಿಡಿಯುವವನು ಕಬುಲಾಯತು ಬರೆದುಕೊಡಬೇಕು. ಪದ ಹೊರಗಿನದೇ ಇರಬಹುದು, ಆದರೆ ಯಾವ ಜಮೀನಿನ ತೀರ್ವೆಗೆ ಯಾರು ಹೊಣೆ ಎಂಬುದರಲ್ಲಿ ಗೊಂದಲವಿರಲಿಲ್ಲ. ಈಗಿನ ಕಡತಗಳಲ್ಲಿ ‘ಸಮ್ಮತಿಸಲಾಗಿದೆ’, ‘ಅಂಗೀಕರಿಸಲಾಗಿದೆ’. ಯಾರು ಸಮ್ಮತಿಸಿದರು? ಆ ವಾಕ್ಯಕ್ಕೆ ಕರ್ತೃವೇ ಇಲ್ಲ. ಇಂಗ್ಲಿಷಿನ ಕರ್ಮಣಿ ಪ್ರಯೋಗವನ್ನು ಬೇರುಸಹಿತ ಕಿತ್ತು ತಂದು ಇಲ್ಲಿ ನೆಟ್ಟದ್ದರ ಫಲ ಇದು.

ಈ ಅಸ್ಪಷ್ಟತೆಗೆ ಜನ ತೆರುವ ಬೆಲೆ ಏನೆಂದು ನೋಡಬೇಕಾದರೆ ಪರಿಸರ ಸಭೆಗಳ ಕಡೆ ತಿರುಗಬೇಕು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ 2025ರ ಸೆಪ್ಟೆಂಬರ್‌ನಲ್ಲಿ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಅಂಥ ಸಭೆ ನಡೆಯಿತು. ಇವುಗಳಿಗೆ ಕನ್ನಡದಲ್ಲಿ ‘ಸಾರ್ವಜನಿಕ ಆಲಿಕೆ ಸಭೆ’ ಎಂಬ ಹೆಸರಿದೆ. ಆಲಿಕೆ ಎಂದರೆ ಕಿವಿಗೊಟ್ಟು ಕೇಳುವುದು. ಆಡಳಿತ ಕನ್ನಡದಲ್ಲಿ ಇಷ್ಟು ಸೊಗಸಾದ, ಇಷ್ಟು ಖಚಿತವಾದ ಅನುವಾದ ಅಪರೂಪ. ಸಭೆಗೆ ಕೋರಂ ಬೇಕಿಲ್ಲ, ಮತಕ್ಕೆ ಹಾಕುವುದೂ ಇಲ್ಲ, ಅದು ಒಪ್ಪಿಗೆ ಪಡೆಯುವ ಸಭೆಯೇ ಅಲ್ಲ. ಖಾಸಗಿ ಕಂಪನಿಗೆ ಭೂಮಿ ವಶಪಡಿಸಿಕೊಳ್ಳುವಾಗ 2013ರ ಕಾಯ್ದೆ ಕೇಳುವ ಶೇ 80ರಷ್ಟು ಕುಟುಂಬಗಳ ಒಪ್ಪಿಗೆಯೇ ಬೇರೆ. ನಡಾವಳಿಯಲ್ಲಿ ‘ಅಹವಾಲು ಸ್ವೀಕರಿಸಲಾಯಿತು’ ಎಂದು ಬರೆದರೆ ಮಾತಾಡಿದ ಮೀನುಗಾರನೋ ತೋಟದ ರೈತನೋ ತನ್ನ ಮಾತಿಗೆ ಮನ್ನಣೆ ಸಿಕ್ಕಿತೆಂದು ಮನೆಗೆ ಹೋಗುತ್ತಾನೆ. ‘ನಿಮ್ಮ ಮಾತು ಬರೆದುಕೊಂಡಿದ್ದೇವೆ, ತೀರ್ಮಾನ ಇನ್ನೂ ಆಗಿಲ್ಲ’ ಎಂದು ಬರೆದರೆ ಯಾರಿಗೂ ಭ್ರಮೆ ಇರುವುದಿಲ್ಲ.

ಈ ಆಲಿಕೆ ಸಭೆಗಳಿಗೆ ಆಧಾರವಾದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಯೋಜನೆಯ ಪರಿಸರ ವರದಿಯ ಸಾರಾಂಶ ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ನಡಾವಳಿಯನ್ನು ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಬೇಕು. ಆ ಅಧಿಸೂಚನೆಯನ್ನೇ ಬದಲಿಸುವ ಕರಡು 2020ರಲ್ಲಿ ಬಂದಾಗ ಅದನ್ನು ಎಲ್ಲ ಭಾಷೆಗಳಲ್ಲೂ ಕೊಡಲಿಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ಆ ವರ್ಷದ ಜೂನ್ 30ರಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು; ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ಕೆನಡಾದಲ್ಲಿ ಒಕ್ಕೂಟ ಸರ್ಕಾರದ ಕಾನೂನುಗಳನ್ನು 1978ರಿಂದ ಇಂಗ್ಲಿಷ್ ಮತ್ತು ಫ್ರೆಂಚ್ ಕರಡುಗಾರರು ಅಕ್ಕಪಕ್ಕ ಕೂತು ಏಕಕಾಲಕ್ಕೆ ಬರೆಯುತ್ತಾರೆ, ಎರಡೂ ಪಠ್ಯಗಳಿಗೆ ಸಮಾನ ಅಧಿಕಾರ. ಫ್ರೆಂಚಿನಲ್ಲಿ ಕೂರದ ಮಾತಿದ್ದರೆ ಇಂಗ್ಲಿಷನ್ನೇ ತಿದ್ದುವುದಕ್ಕೂ ಅಲ್ಲಿ ಅವಕಾಶವಿದೆ. ನಮ್ಮಲ್ಲಿ ಕನ್ನಡ ಯಾವಾಗಲೂ ಆಮೇಲೆ ಬರುತ್ತದೆ, ಎಲ್ಲ ಮುಗಿದ ಮೇಲೆ.

ಕುಡಿಯುವ ನೀರಿನ ಮಾನಕದಲ್ಲಿ ಈ ಕೊರತೆಯನ್ನು ಕಣ್ಣೆದುರೇ ನೋಡಬಹುದು. ಐಎಸ್ 10500 ಎರಡು ಅಂಕಣಗಳಲ್ಲಿ ಮಿತಿ ಕೊಡುತ್ತದೆ. ಲೀಟರಿಗೆ ಕ್ಲೋರೈಡ್ 250 ಮಿಲಿಗ್ರಾಂ ಮೊದಲನೆಯದು, 1000 ಎರಡನೆಯದು. ಕರಗಿದ ಒಟ್ಟು ಘನವಸ್ತು 500 ಮತ್ತು 2000. ಎರಡನೇ ಅಂಕಣದ ತಲೆಬರಹದಲ್ಲೇ, ಬೇರೆ ಮೂಲ ಇಲ್ಲದಿದ್ದರೆ ಮಾತ್ರ ಎಂಬ ಷರತ್ತಿದೆ. ಇವು ಕನ್ನಡಕ್ಕೆ ಬರುವಾಗ ‘ಸ್ವೀಕಾರಾರ್ಹ ಮಿತಿ’ ಮತ್ತು ‘ಅನುಮತಿಸಬಹುದಾದ ಮಿತಿ’ ಆಗುತ್ತವೆ. ಇವೆರಡರಲ್ಲಿ ಯಾವುದು ಒಳ್ಳೆಯ ನೀರು? ಪದ ನೋಡಿ ಹೇಳಲು ಸಾಧ್ಯವೇ ಇಲ್ಲ. ಅಘನಾಶಿನಿಯ ಗಜನಿ ಬಯಲಿನ ಅಂಚಿನಲ್ಲಿ, ಶರಾವತಿಯ ಅಳಿವೆಯ ಬದಿಯಲ್ಲಿ ಬೇಸಿಗೆಗೆ ಬಾವಿ ಉಪ್ಪಾಗುವ ಊರುಗಳಿವೆ. ಆ ಊರಿನ ಹೆಂಗಸು ಪಂಚಾಯತಿಯಲ್ಲಿ ನೀರಿನ ವರದಿ ಓದಿದರೆ 900 ಕ್ಲೋರೈಡ್ ಇದ್ದ ನೀರಿಗೂ ಸರ್ಕಾರದ ಅನುಮತಿ ಇದೆಯೆಂದು ತಿಳಿದಾಳು. ‘ಕುಡಿಯಲು ಅಡ್ಡಿಲ್ಲದ ಮಿತಿ’, ‘ಬೇರೆ ನೀರು ಸಿಗದಿದ್ದಾಗಿನ ಮಿತಿ’ ಎಂದು ಬರೆದಿದ್ದರೆ ‘ಹಾಗಾದರೆ ಬೇರೆ ನೀರು ಕೊಡಿ’ ಎಂದು ಕೇಳಲು ಆ ತಲೆಬರಹವೇ ಅವಳಿಗೆ ಸಾಕಾಗುತ್ತಿತ್ತು.

ಆಸ್ಪತ್ರೆಯ ಒಪ್ಪಿಗೆ ಪತ್ರ ಇನ್ನೂ ಕಠಿಣ. ದೊಡ್ಡ ಚಿಕಿತ್ಸೆಗೆ ಜಿಲ್ಲೆಯಾಚೆ ಓಡಬೇಕಾದ ಈ ತಾಲ್ಲೂಕುಗಳ ಜನ ಅದನ್ನು ಓದುವುದು ಗಾಬರಿಯ ಗಳಿಗೆಯಲ್ಲಿ. ‘ಅಗತ್ಯವೆನಿಸಿದ ಎಲ್ಲ ಚಿಕಿತ್ಸೆಗೂ ನನ್ನ ಸಂಪೂರ್ಣ ಸಮ್ಮತಿ ಇದೆ’ ಎಂಬಂಥ ಸಾಲಿನ ಕೆಳಗೆ ‘ರೋಗಿಯ/ಸಂಬಂಧಿಕರ ಸಹಿ’. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲೇ ಈ ರೂಢಿಯನ್ನು ತಳ್ಳಿಹಾಕಿದೆ. ಅಲ್ಲಿ ರೋಗಿ ಒಪ್ಪಿದ್ದು ಮುಖ್ಯವಾಗಿ ತಪಾಸಣೆಯ ಲ್ಯಾಪರೊಸ್ಕೋಪಿಗೆ. ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. ಪ್ರಾಣಾಪಾಯ ಇಲ್ಲದಾಗ, ವಯಸ್ಕ ರೋಗಿ ಎಚ್ಚರಗೊಂಡು ತಾನೇ ಹೇಳಬಹುದಾಗಿದ್ದಾಗ ತಾಯಿಯ ಮಾತು ಸಾಲದು, ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಆಗದು ಎಂದಿತು ನ್ಯಾಯಾಲಯ. ಕನ್ನಡದ ನಮೂನೆ ಬರೆಯುವವರು ಈ ತೀರ್ಪನ್ನು ಎದುರಿಗಿಟ್ಟುಕೊಳ್ಳಬೇಕು. ‘ತಪಾಸಣೆ ಮಾಡಿ; ಬೇರೇನಾದರೂ ಮಾಡುವುದಿದ್ದರೆ ನನಗೆ ಎಚ್ಚರವಾದ ಮೇಲೆ ನನ್ನನ್ನೇ ಕೇಳಿ; ಜೀವಕ್ಕೆ ಅಪಾಯವಿದ್ದರೆ ಮಾತ್ರ ಕಾಯಬೇಡಿ’ ಎಂದು ರೋಗಿಯ ಬಾಯಲ್ಲಿ ಹೇಳುವಂತೆ ಬರೆದು, ಸಂಬಂಧಿಕರ ಸಹಿಗೆ ಬೇರೆಯೇ ಕಾಗದ ಇಡಬೇಕು.