ಡ್ರ್ಯಾಗನ್ ಹಾಕಿದ ಬ್ರಹ್ಮಗಂಟು

ರೆಬೆಕಾ ಯಾರೋಸ್ ಬರೆದ ‘ಫೋರ್ತ್ ವಿಂಗ್’ (2023) ಓದಿಸಿಕೊಂಡು ಹೋಗುತ್ತೆ, ಅದರಲ್ಲಿ ಎರಡು ಮಾತಿಲ್ಲ. ಪುಸ್ತಕಗಳ ನಡುವೆ ಬದುಕಬೇಕು ಅಂತಿದ್ದ ವಯಲೆಟ್‌ಳನ್ನು ಸೇನಾಧಿಕಾರಿ ತಾಯಿಯೇ ಡ್ರ್ಯಾಗನ್ ಸವಾರರ ಪಡೆಗೆ ನೂಕುತ್ತಾಳೆ. ಕಾಲು ಜಾರಿದರೆ ಸಾವೇ ಅನ್ನುವಂಥ ಕಿರಿದಾದ ಕಲ್ಲುಸೇತುವೆ ಮೇಲೆ ಈ ಹುಡುಗಿ, ಹೆದರಿಕೆ ತಡೆಯೋಕೆ, ಓದಿ ಕಲಿತದ್ದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾ ನಡೀತಾಳೆ. ಅಲ್ಲಿ ಮನಸೋತೆ.

ಆಮೇಲೆ ಝೇಡನ್ ಬರ್ತಾನೆ. ಅವನಪ್ಪ ದಂಗೆಯ ನಾಯಕ. ಆತನನ್ನು ಹಿಡಿದು ಮರಣದಂಡನೆ ಮಾಡಿಸಿದವಳು ಇವಳಮ್ಮ. ಎಂಥ ಕಗ್ಗಂಟು! ಈ ಇಬ್ಬರೂ ಕೂತು ಮಾತಾಡಬೇಕಾದ್ದು ಎಷ್ಟಿತ್ತು. ಆದರೆ ಇವಳ ಡ್ರ್ಯಾಗನ್ನೂ ಅವನ ಡ್ರ್ಯಾಗನ್ನೂ ಜೋಡಿ, ಬಹಳ ದಿನ ಅಗಲಿರಲಾರವು. ಸವಾರರೂ ಹತ್ತಿರವೇ ಇರಬೇಕು. ಬ್ರಹ್ಮಗಂಟನ್ನು ಡ್ರ್ಯಾಗನ್ನೇ ಹಾಕಿಬಿಟ್ಟರೆ ಲೇಖಕಿಗೆ ಉಳಿಯೋದು ಹುಡುಗನ ಮೈಕಟ್ಟಿನ ವರ್ಣನೆ. ಅದಂತೂ ಧಾರಾಳವಾಗಿದೆ.

ಇದರ ಬೆನ್ನಿಗೇ ನವೋಮಿ ನೊವಿಕ್ ಅವರ ‘ಸ್ಪಿನ್ನಿಂಗ್ ಸಿಲ್ವರ್’ (2018) ಓದಿದೆ. ಶುರುವಿನಲ್ಲಿ ತಾಳ್ಮೆ ಬೇಕು. ನಿರೂಪಕರು ಹಲವರು, ಯಾರು ಮಾತಾಡ್ತಿದ್ದಾರೆ ಅಂತ ಹೆಸರು ಹಾಕಿಲ್ಲ. ಯಹೂದಿ ಲೇವಾದೇವಿಗಾರನ ಮಗಳು ಮಿರ್ಯೆಮ್. ಕೊಟ್ಟ ಸಾಲ ಕೇಳೋಕೂ ಅಪ್ಪನಿಗೆ ಸಂಕೋಚ, ವಸೂಲಿಗೆ ಇವಳೇ ಇಳೀತಾಳೆ. ಹಿಮಲೋಕದ ರಾಜ ಇಷ್ಟವಿಲ್ಲದವಳನ್ನು ಹೆಂಡತಿಯಾಗಿ ಹೊತ್ತೊಯ್ದರೆ ಅಲ್ಲೂ ಲೆಕ್ಕ ಬಿಡಲ್ಲ. ಹಾಸಿಗೆಯ ಹಕ್ಕು ನನಗೆ ಬೇಡ, ಬದಲಿಗೆ ರಾತ್ರಿಗೆ ಐದು ಪ್ರಶ್ನೆಗೆ ಉತ್ತರ ಕೊಡು ಅಂತ ಚೌಕಾಸಿಗಿಳೀತಾಳೆ! ಸರಸದ ಒಂದು ಮಾತಿಲ್ಲ. ಆದರೂ ಆ ಐದು ಪ್ರಶ್ನೆಗಳಲ್ಲಿ ನನಗೆ ಸಿಕ್ಕಿದ ಪುಳಕ ಝೇಡನ್‌ನ ಮೈಕಟ್ಟಿನಲ್ಲಿ ಸಿಗಲಿಲ್ಲ. ಹೊತ್ತೊಯ್ದವನೇ ಕೊನೆಗೆ ಅವಳ ಮನೆಯವರ ಮುಂದೆ ಹೆಣ್ಣು ಕೇಳಿಕೊಂಡು ಬರ್ತಾನೆ, ಕ್ರಮವಾಗಿ.