ಅಂಗವೈಕಲ್ಯದ ಅಳತೆ: ದೇಹದಿಂದ ಪರಿಸರದೆಡೆಗೆ

ಗಾಲಿಕುರ್ಚಿ ಬಳಸುವ ವಿದ್ಯಾರ್ಥಿನಿಯೊಬ್ಬಳಿಗೆ ಮಹಡಿಯ ಮೇಲಿರುವ ಪ್ರಯೋಗಶಾಲೆಗೆ ಹೋಗಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ತೊಡಕು ಇರುವುದು ಅವಳ ಕಾಲಿನಲ್ಲೋ, ಮೆಟ್ಟಿಲಿನಲ್ಲೋ? ಈ ಪ್ರಶ್ನೆಗೆ ಪುನರ್ವಸತಿ ಸಂಶೋಧನೆ ಕೊಡುವ ಉತ್ತರ ಕಳೆದ ಐದು ದಶಕಗಳಲ್ಲಿ ಬದಲಾಗಿದೆ. ಆದರೆ ಬದಲಾವಣೆ ಪೂರ್ಣವಾಗಿದೆಯೆ?

1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ವರ್ಗೀಕರಣ ಒಂದು ಸರಪಳಿಯಂತಿತ್ತು: ರೋಗದಿಂದ ನ್ಯೂನತೆ, ನ್ಯೂನತೆಯಿಂದ ಅಸಾಮರ್ಥ್ಯ, ಅಸಾಮರ್ಥ್ಯದಿಂದ ಸಾಮಾಜಿಕ ಹಿನ್ನಡೆ. ಸಂಶೋಧಕರಿಗೆ ಸಮಾನ ಪರಿಭಾಷೆ ದೊರೆತದ್ದು ಇದರ ಲಾಭ. ಆದರೆ ಸರಪಳಿಯ ಮೊದಲ ಕೊಂಡಿ ದೇಹದಲ್ಲೇ ಇತ್ತು. ಮೆಟ್ಟಿಲಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಕಾರಣವನ್ನು ದೇಹದಲ್ಲಷ್ಟೇ ಹುಡುಕುವ ಈ ದೃಷ್ಟಿಯನ್ನು ಬ್ರಿಟನ್ನಿನ ಅಂಗವಿಕಲರದೇ ಸಂಘಟನೆಯೊಂದು 1976ರಲ್ಲೇ ಪ್ರಶ್ನಿಸಿತ್ತು. ಆ ವಾದಕ್ಕೆ 1983ರಲ್ಲಿ ಮೈಕಲ್ ಆಲಿವರ್ 'ಸಾಮಾಜಿಕ ಮಾದರಿ' ಎಂಬ ಹೆಸರು ಕೊಟ್ಟರು.

2001ರ ಹೊಸ ವರ್ಗೀಕರಣ ಈ ಟೀಕೆಗೆ ಕಿವಿಗೊಟ್ಟಿತು. ದೇಹದ ರಚನೆ ಮತ್ತು ಕ್ರಿಯೆ, ಚಟುವಟಿಕೆ, ಪಾಲ್ಗೊಳ್ಳುವಿಕೆ ಇವುಗಳೊಡನೆ ಪರಿಸರದ ಅಂಶಗಳಿಗೂ ಸಂಕೇತಗಳನ್ನು ನೀಡಿತು. ಮೆಟ್ಟಿಲನ್ನು ಈಗ ಅಡೆತಡೆಯೆಂದೂ ಇಳಿಜಾರು ದಾರಿಯನ್ನು ಸಹಾಯಕವೆಂದೂ ದಾಖಲಿಸಬಹುದು. ಒಂದು ಕೊರತೆ ಉಳಿಯಿತು. ವಯಸ್ಸು, ಶಿಕ್ಷಣ ಮೊದಲಾದ ವೈಯಕ್ತಿಕ ಅಂಶಗಳನ್ನು ಅದು ಹೆಸರಿಸಿತೇ ಹೊರತು ವರ್ಗೀಕರಿಸಲಿಲ್ಲ.

ವ್ಯಾಖ್ಯೆ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವಿಕಲರು 2.68 ಕೋಟಿ, ಅಂದರೆ ಜನಸಂಖ್ಯೆಯ ಶೇ. 2.21. ಅದೇ ವರ್ಷ ಹೊರಬಂದ ಜಾಗತಿಕ ವರದಿಯ ಅಂದಾಜು ಸುಮಾರು ಶೇ. 15. ನಮ್ಮ ಜನ ಅಷ್ಟು ಪಟ್ಟು ಆರೋಗ್ಯವಂತರೆಂದು ಇದರಿಂದ ತೀರ್ಮಾನಿಸಬೇಡಿ. 'ಈ ವ್ಯಕ್ತಿ ಅಂಗವಿಕಲರೆ?' ಎಂದು ಕೇಳುವುದು ಬೇರೆ. 'ನಡೆಯಲು, ನೋಡಲು, ನೆನಪಿಡಲು ಎಷ್ಟು ಕಷ್ಟ?' ಎಂದು ಕೇಳುವುದು ಬೇರೆ. ಮೊದಲ ಪ್ರಶ್ನೆಗೆ 'ಇಲ್ಲ' ಎನ್ನುವ ಅನೇಕರು ಎರಡನೆಯದಕ್ಕೆ 'ಬಹಳ' ಎನ್ನುತ್ತಾರೆ.

ನಮ್ಮ ಕಾನೂನಿನಲ್ಲೂ ಇದೇ ಇಬ್ಬಂದಿ ಇದೆ. 1995ರ ಕಾಯಿದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2016ರ ಕಾಯಿದೆಯಲ್ಲಿ 21. ಹೊಸ ಕಾಯಿದೆಯ ವ್ಯಾಖ್ಯೆ ಅಡೆತಡೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ. 40 ವೈಕಲ್ಯದ ಪ್ರಮಾಣಪತ್ರ ಬೇಕು, ಮತ್ತು ಆ ಶೇಕಡಾವಾರು ಬಹುಮಟ್ಟಿಗೆ ದೇಹದ ಅಳತೆಯೇ. ಶೇ. 39 ಎಂದು ಬರೆಸಿಕೊಂಡವರಿಗೆ ಬಾಗಿಲು ಮುಚ್ಚುತ್ತದೆ. ಅವರ ಊರಿನ ಬಸ್ಸು, ಶಾಲೆ, ಶೌಚಾಲಯ ಹೇಗಿವೆ ಎಂಬುದು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ. ಸಿದ್ಧಾಂತ ಮುಂದೆ ಹೋಯಿತು, ಮಾಪನ ಹಿಂದುಳಿಯಿತು.

ಶಿಕ್ಷಕರೇ, ವಿದ್ಯಾರ್ಥಿಗಳೇ, ಈ ಅಂತರವನ್ನು ತುಂಬುವ ಕೆಲಸ ನಿಮ್ಮ ಶಾಲೆಯಿಂದಲೇ ಆರಂಭವಾಗಬಹುದು. ಇಳಿಜಾರು ದಾರಿ 1:12ಕ್ಕಿಂತ ಕಡಿದಾಗಿರಬಾರದು ಎಂಬುದು ಒಪ್ಪಿತ ಮಿತಿ. ಅಂದರೆ 60 ಸೆಂ.ಮೀ. ಎತ್ತರದ ಜಗಲಿಗೆ ಕನಿಷ್ಠ 7.2 ಮೀಟರ್ ಉದ್ದ ಬೇಕು. ಟೇಪು ಹಿಡಿದು ಅಳೆಯಿರಿ. ಬಾಗಿಲಿನ ಅಗಲ, ಕರಿಹಲಗೆಯ ಮೇಲಿನ ಬೆಳಕು, ಕುಡಿಯುವ ನೀರಿನ ನಲ್ಲಿಯ ಎತ್ತರ ಇವನ್ನೂ ದಾಖಲಿಸಿ. ಇಷ್ಟು ದಿನ ಮಕ್ಕಳನ್ನು ಅಳೆದದ್ದಾಯಿತು, ಇನ್ನು ಕಟ್ಟಡಗಳ ಸರದಿ.