ದೇಶಕಾಲದ ನಕ್ಷೆಯಲ್ಲಿ ಬೆಳಕನ್ನು ನೋಡುವ ಬಗೆ

ಭೌತವಿಜ್ಞಾನದ ಚಿತ್ರಗಳಲ್ಲಿ ನೋಡಿದಷ್ಟೂ ಹೊಸ ಅರ್ಥ ಬಿಟ್ಟುಕೊಡುವುದು ದೇಶಕಾಲದ ನಕ್ಷೆ. ಹರ್ಮನ್ ಮಿಂಕೋವ್‌ಸ್ಕಿ 1908ರಲ್ಲಿ ಮುಂದಿಟ್ಟ ಈ ಚಿತ್ರವನ್ನು ಗಣಿತ ಬಾರದವರೂ ಸವಿಯಬಹುದು. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

ಅಡ್ಡಗೆರೆ ಎಳೆಯಿರಿ, ಅದು ಕಾಪುವಿನ ಕರಾವಳಿ. ಕಾಲ ಕೆಳಗಿನಿಂದ ಮೇಲಕ್ಕೆ ಏರಲಿ. 1901ರಿಂದ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ ಕದಲುವುದಿಲ್ಲ, ಹಾಗಾಗಿ ಅದು ನೆಟ್ಟಗಿನ ಗೆರೆ. ಬೆಳಕು ಒಂದು ಕಿಲೋಮೀಟರ್ ದಾಟಲು ಸುಮಾರು 3.3 ಮೈಕ್ರೋಸೆಕೆಂಡ್ ಬೇಕು. ಈ ಎರಡಕ್ಕೂ ಹಾಳೆಯ ಮೇಲೆ ಒಂದೇ ಅಳತೆ ಕೊಟ್ಟರೆ, ದೀಪದ ಮಿಂಚು ಎಡಕ್ಕೂ ಬಲಕ್ಕೂ 45 ಡಿಗ್ರಿ ಓರೆಯಾಗಿ ಏರುತ್ತದೆ. ಸಮುದ್ರದ ದಿಕ್ಕನ್ನೂ ಸೇರಿಸಿಕೊಂಡರೆ ಅದೇ ಬೆಳಕಿನ ಶಂಕು. ಗಂಟೆಗೆ 54 ಕಿ.ಮೀ. ಓಡುವ ಬಸ್ಸಿನ ವೇಗ ಬೆಳಕಿನ ಎರಡು ಕೋಟಿಯಲ್ಲಿ ಒಂದು ಪಾಲು. ಅದರ ಗೆರೆ ಓರೆಯಾದದ್ದು ಕಣ್ಣಿಗೆ ಕಾಣದು. ಮಲ್ಪೆಯಿಂದ ಹೊರಟ ಬೋಟಿನ ತಾಂಡೇಲ ತನ್ನ ನಕ್ಷೆ ಬರೆದರೆ ನೆಟ್ಟಗಿರುವುದು ಬೋಟು, ಓರೆಯಾಗುವುದು ದೀಪಸ್ತಂಭ. ಬೆಳಕು ಮಾತ್ರ ಅಲ್ಲಿಯೂ 45 ಡಿಗ್ರಿಯೇ.

ಹೊಸಬರ ಕಣ್ಣು ಶಂಕುವಿನ ಒಳಗೇ ನಿಂತುಬಿಡುತ್ತದೆ. ಸ್ವಾರಸ್ಯ ಹೊರಗಿದೆ. ಕಾರ್ಕಳದ ಗೊಮ್ಮಟನ ಪ್ರತಿಷ್ಠೆಯಾದದ್ದು 1432ರಲ್ಲಿ. ಅಂದು ಆ ಮೂರ್ತಿಯಿಂದ ಹೊರಟ ಬೆಳಕು ಇನ್ನೂ 600 ಜ್ಯೋತಿರ್ವರ್ಷ ದಾಟಿಲ್ಲ. ಮಹಾವ್ಯಾಧನ ಕಾಲಿನಲ್ಲಿ ಹೊಳೆಯುವ ರೈಜೆಲ್ ಸುಮಾರು 860 ಜ್ಯೋತಿರ್ವರ್ಷ ದೂರ. ಹಾಗಾದರೆ ಇಂದು ರೈಜೆಲ್ ಮೇಲೆ, ಅಂದರೆ ಆ ಬೆಳಕಿನ ಶಂಕುವಿನ ಹೊರಗೆ, ಒಂದು ಜ್ವಾಲೆ ಎದ್ದರೆ, ಆ ಪ್ರತಿಷ್ಠೆಗೂ ಜ್ವಾಲೆಗೂ ಯಾವುದು ಮೊದಲು? ಬೆಳಕಿನ ಮುಕ್ಕಾಲು ವೇಗದಲ್ಲಿ ಆ ದಿಕ್ಕಿಗೆ ಸಾಗುವವರ ಲೆಕ್ಕದಲ್ಲಿ ಜ್ವಾಲೆಯೇ ಮೊದಲು! ಪ್ರತಿಷ್ಠೆಯೇ ಮೊದಲು ಎನ್ನುವ ನಮ್ಮ ಲೆಕ್ಕವೂ ಅವರ ಲೆಕ್ಕವೂ ಸರಿ, ಏಕೆಂದರೆ ಒಂದರ ಪ್ರಭಾವ ಇನ್ನೊಂದನ್ನು ಮುಟ್ಟಲಾರದು. ಇದನ್ನು ಅವಸರವಿಲ್ಲದೆ ಮನಸ್ಸಿಗೆ ತಂದುಕೊಳ್ಳಿ. ಸಾಪೇಕ್ಷತೆಯ ನಿಜವಾದ ಬೆರಗು ಇಲ್ಲಿದೆ.

ಬೆಳಕಿಗೆ ಕಾಲವೇ ನಿಂತಿರುತ್ತದೆ ಎಂದು ಹೇಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಬೆಳಕಿನ ಜೊತೆ ಸಾಗಬಲ್ಲ ಗಡಿಯಾರವೇ ಇಲ್ಲ. ಆ ಗೆರೆಯ ಮೇಲಿನ ಯಾವ ಎರಡು ಬಿಂದುಗಳ ನಡುವೆಯೂ ದೇಶಕಾಲದ ಅಂತರ ಸೊನ್ನೆ ಎನ್ನುವುದಷ್ಟೇ ಸರಿ.

ಗುರುತ್ವ ಬಂದಾಗ ಶಂಕುಗಳು ವಾಲುತ್ತವೆ. ಕಪ್ಪುಕುಳಿಯ ಅಂಚಿನಲ್ಲಿ ಎಷ್ಟು ವಾಲುತ್ತವೆಂದರೆ, ಹೊರಗೆ ಹೊರಟ ಬೆಳಕಿನ ಗೆರೆ ನೆಟ್ಟಗಾಗಿ, ಅದು ಇದ್ದಲ್ಲೇ ಉಳಿಯುತ್ತದೆ. ಕೆಣಕಿದರೆ ಇಂಥ ಕಪ್ಪುಕುಳಿ ಗಂಟೆಯಂತೆ ಮಿಡಿದು ಸುಮ್ಮನಾಗುತ್ತದೆಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. 2015ರ ಸೆಪ್ಟೆಂಬರ್ 14ರಂದು ಲೈಗೋ ವೀಕ್ಷಣಾಲಯ ಹಿಡಿದ ಗುರುತ್ವದ ಅಲೆಗಳ ಕೊನೆಯಲ್ಲಿ ಅಂಥ ಮಿಡಿತವಿತ್ತು. ಬೆಳಕಿನ ವೇಗದಲ್ಲೇ ಸಾಗುವ ಆ ಅಲೆಗಳು ಇಲ್ಲಿಗೆ ತಲುಪಲು ಸುಮಾರು 130 ಕೋಟಿ ವರ್ಷ ಹಿಡಿಯಿತು.